ಏರ್‌ಬ್ರಷ್ ಗಾಳಿಯ ತೇವ: ಟ್ರ್ಯಾಪ್, ಟ್ಯಾಂಕು, ತಾಮ್ರದ ಸುರುಳಿ, ಸಿಲಿಕಾ ಜೆಲ್, ಸಿಲಿಂಡರ್

ಮಾದರಿ ವಿಮಾನವೊಂದರ ರೆಕ್ಕೆಗೆ ಕಡುನೀಲಿ ಎನಾಮೆಲ್ಲಿನ ಮೂರನೆಯ ಪದರವನ್ನು ಹಾಯಿಸುತ್ತಿದ್ದಾಗ, ಒತ್ತಡದ ಗಾಳಿಯಿಂದ ಬಣ್ಣವನ್ನು ಮಂಜಿನಂತೆ ಚಿಮ್ಮಿಸುವ ಏರ್‌ಬ್ರಷ್‌ನ ಬಾಯಿಂದ ಪಟ್ ಎಂಬ ಸಣ್ಣ ಸದ್ದು ಕೇಳಿಸಿತು. ಬಣ್ಣದ ನವಿರಾದ ಮಂಜಿನ ನಡುವಿನಿಂದ ಸಾಸಿವೆ ಕಾಳಿಗಿಂತ ಚಿಕ್ಕದಾದ ನೀರಿನ ಹನಿಯೊಂದು ಹಾರಿ ಬಂದು ರೆಕ್ಕೆಯ ಮೇಲೆ ಕುಳಿತು, ನೋಡುತ್ತಿದ್ದಂತೆಯೇ ಸುತ್ತಲಿನ ಬಣ್ಣವನ್ನು ಹಿಂದಕ್ಕೆ ತಳ್ಳಿ ಉಂಗುರದಂಥ ಅಂಚು ಕಟ್ಟಿತು. ಹನಿ ಆರಿದ ಮೇಲೆ ಅಲ್ಲಿ ಉಳಿದದ್ದು ಕೆಳಗಿನ ಪ್ರೈಮರ್, ಎಂದರೆ ತಳಬಣ್ಣ, ಕಾಣುವಂಥ ಒಂದು ಕುಳಿ. ಅದನ್ನು ಉಜ್ಜಿ ತೆಗೆದು, ಮತ್ತೆ ಪ್ರೈಮರ್ ಹಾಕಿ, ಮೂರೂ ಪದರಗಳನ್ನು ಮೊದಲಿನಿಂದ ಕೊಡಬೇಕಾಯಿತು. ಗಾಳಿಯನ್ನು ಹಿಂಡಿ ಕೊಡುವ ಕಂಪ್ರೆಸರಿನ ಮೈಗೇ ಅಂಟಿಕೊಂಡಿದ್ದ, ಗಾಳಿಯ ನೀರನ್ನು ಹಿಡಿಯುವ ಮಾಯಿಶ್ಚರ್ ಟ್ರ್ಯಾಪಿನ ಬಟ್ಟಲನ್ನು ಬಿಚ್ಚಿ ನೋಡಿದರೆ ಅದು ಪೂರ್ತಿ ಒಣಗಿತ್ತು. ಗಾಳಿಯಲ್ಲಿ ನೀರಿದೆ, ನೀರನ್ನು ಹಿಡಿಯಬೇಕಾದ ಬಟ್ಟಲಿನಲ್ಲಿ ಮಾತ್ರ ಇಲ್ಲ ಎಂಬ ಈ ವಿಚಿತ್ರವೇ ನನ್ನನ್ನು ಗಾಳಿ ಒಣಗಿಸುವ ಬೇರೆಬೇರೆ ದಾರಿಗಳ ಹೋಲಿಕೆಯ ಕೆಲಸಕ್ಕೆ ಹಚ್ಚಿತು.

ಕಾರಣ ಸರಳವಾದದ್ದು, ಆದರೆ ಅದನ್ನು ತಿಳಿಯದೆ ಯಾವ ಸಾಧನವನ್ನು ಕೊಂಡರೂ ಪ್ರಯೋಜನವಾಗುವುದಿಲ್ಲ. ಟ್ರ್ಯಾಪ್ ಹಿಡಿಯುವುದು ನೀರನ್ನು, ಆವಿಯನ್ನಲ್ಲ. ಗಾಳಿಯನ್ನು ಒಳಗೆ ಸುತ್ತಿಸಿ, ಭಾರವಾದ ಹನಿಗಳನ್ನು ಗೋಡೆಗೆ ಬಡಿಸಿ ಕೆಳಗಿಳಿಸುವುದಷ್ಟೇ ಅದರ ಕೆಲಸ. ಪಂಪಿನಿಂದ ಆಗತಾನೇ ಹೊರಬಂದ ಗಾಳಿ ಕೈಗೆ ಸುಡುವಷ್ಟು ಬಿಸಿಯಾಗಿರುವುದರಿಂದ ಅದರಲ್ಲಿರುವ ನೀರೆಲ್ಲವೂ ಇನ್ನೂ ಆವಿಯಾಗಿಯೇ ಇರುತ್ತದೆ. ಅದು ಟ್ರ್ಯಾಪನ್ನು ಯಾವ ಅಡ್ಡಿಯೂ ಇಲ್ಲದೆ ದಾಟಿ, ಮುಂದೆ ಹೋಸಿನಲ್ಲಿ ತಣ್ಣಗಾಗುತ್ತಾ ಹನಿಗಟ್ಟಿ, ನೇರವಾಗಿ ಬಣ್ಣ ಚಿಮ್ಮುವ ಬಾಯಾದ ನಾಝಲ್ಲಿಗೆ ಬರುತ್ತದೆ.

ಎಷ್ಟು ನೀರು ಎಂಬುದನ್ನು ಲೆಕ್ಕ ಹಾಕಿದಾಗ ನನಗೇ ಅಚ್ಚರಿಯಾಯಿತು. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹೊರಬಲ್ಲದು. ತೇವಾಂಶ ಶೇಕಡಾ 70 ಇದ್ದರೆ ಅದರಲ್ಲಿ ಇರುವುದು 21 ಗ್ರಾಂ. ನನ್ನ 0.3 ಮಿಲಿಮೀಟರ್ ನಾಝಲ್ಲಿನ ಏರ್‌ಬ್ರಷ್ 1.5 ಬಾರ್ (ಒಂದು ಬಾರ್ ಹೆಚ್ಚುಕಡಿಮೆ ವಾತಾವರಣದ ಒತ್ತಡದಷ್ಟು), ಎಂದರೆ ಸುಮಾರು 22 ಪಿಎಸ್‌ಐ ಒತ್ತಡದಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ 15 ಲೀಟರ್ ಗಾಳಿಯನ್ನು ಬಳಸುತ್ತದೆ. ಗಂಟೆಗೆ 900 ಲೀಟರ್ ಆಯಿತು. ಅಷ್ಟು ಗಾಳಿಯೊಂದಿಗೆ ಪಂಪು ಒಳಗೆಳೆದುಕೊಳ್ಳುವ ನೀರು ಸುಮಾರು 19 ಗ್ರಾಂ, ಅಂದರೆ ಹತ್ತಿರಹತ್ತಿರ ನಾಲ್ಕು ಟೀ ಚಮಚ. ಈ ನಾಲ್ಕು ಚಮಚ ಎಲ್ಲಿ ಹನಿಯಾಗಿ ಇಳಿಯುತ್ತದೆ ಎಂಬುದರ ಮೇಲೆಯೇ ಮುಂದಿನದೆಲ್ಲ ನಿಂತಿದೆ.

ಹೋಲಿಕೆಗಾಗಿ ನಾನು ಇಟ್ಟುಕೊಂಡ ಕ್ರಮ ಹೀಗಿತ್ತು. ತೇವಾಂಶ ಶೇಕಡಾ 70ರ ಆಸುಪಾಸಿನಲ್ಲಿರುವ ದಿನಗಳನ್ನೇ ಆರಿಸಿಕೊಂಡು, ಒಂದೇ ಕೋಣೆಯಲ್ಲಿ, ಒಂದೇ ಏರ್‌ಬ್ರಷ್ ಮತ್ತು 3 ಮೀಟರ್ ಉದ್ದದ ಒಂದೇ ಹೋಸಿನಿಂದ, ಬಣ್ಣವಿಲ್ಲದ ಬರಿಯ ಗಾಳಿಯನ್ನು ಅರ್ಧ ಗಂಟೆ ಹಾಯಿಸಿದೆ. ಹನಿಯನ್ನು ಕಂಡುಹಿಡಿಯಲು ದಪ್ಪ ಕಾಗದಕ್ಕೆ ನೀರಿನಲ್ಲಿ ಕರಗುವ ಶಾಯಿಯನ್ನು ತೆಳ್ಳಗೆ ಬಳಿದು ಒಣಗಿಸಿ, ಒಂದು ಗೇಣು ದೂರದಲ್ಲಿ ನಿಲ್ಲಿಸಿದ್ದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಹನಿ ಬಿದ್ದರೂ ಆ ಕಾಗದದ ಮೇಲೆ ಶಾಯಿ ಸರಿದು ಬಿಳಿಯ ಚುಕ್ಕೆಯೊಂದು ಮೂಡುತ್ತದೆ. ಮಾರುಕಟ್ಟೆಯ ಯಾವ ಮಾಪಕಕ್ಕಿಂತಲೂ ಈ ಕಾಗದವನ್ನೇ ನಾನು ನಂಬುತ್ತೇನೆ, ಏಕೆಂದರೆ ಬಣ್ಣದ ಮೇಲೆ ಏನಾಗಲಿದೆಯೋ ಅದನ್ನೇ ಅದು ತೋರಿಸುತ್ತದೆ. ಪ್ರತಿ ಸಲವೂ ಕೊನೆಯಲ್ಲಿ ಹೋಸನ್ನು ಬಿಚ್ಚಿ ಗಾಜಿನ ತಟ್ಟೆಯ ಮೇಲೆ ಕೊಡವಿ ನೋಡುತ್ತಿದ್ದೆ.

ಮೊದಲನೆಯದು ಟ್ಯಾಂಕಿಲ್ಲದ ಚಿಕ್ಕ ಕಂಪ್ರೆಸರ್, ಅದರ ಬಾಯಲ್ಲೇ ಟ್ರ್ಯಾಪ್. ಹನ್ನೊಂದನೆಯ ನಿಮಿಷಕ್ಕೆ ಕಾಗದದ ಮೇಲೆ ಮೊದಲ ಚುಕ್ಕೆ ಬಿತ್ತು, ಇಪ್ಪತ್ತು ದಾಟುವಷ್ಟರಲ್ಲಿ ಚುಕ್ಕೆಗಳ ಸಾಲೇ ಇತ್ತು; ಟ್ರ್ಯಾಪಿನ ಬಟ್ಟಲಿನಲ್ಲಿ ಒಂದು ಹನಿಯೂ ಇರಲಿಲ್ಲ. ಹೋಸನ್ನು ಕೊಡವಿದಾಗ ಗಾಜಿನ ಮೇಲೆ ಸಣ್ಣ ಕೊಳವೇ ನಿಂತಿತು. ಅದೇ ಟ್ರ್ಯಾಪನ್ನು ಬಿಚ್ಚಿ ಹೋಸಿನ ಇನ್ನೊಂದು ತುದಿಗೆ, ಏರ್‌ಬ್ರಷ್‌ನ ಹಿಡಿಕೆಯ ಹತ್ತಿರಕ್ಕೆ ತಂದು ಜೋಡಿಸಿದಾಗ ಫಲಿತಾಂಶ ಪೂರ್ತಿ ತಿರುವುಮುರುವಾಯಿತು. ಮೂರು ಮೀಟರ್ ದಾರಿಯಲ್ಲಿ ತಣ್ಣಗಾದ ಗಾಳಿ ಹನಿಯನ್ನು ಜೊತೆಗೆ ತಂದು ಬಟ್ಟಲಿಗೆ ಒಪ್ಪಿಸತೊಡಗಿತು, ಕಾಗದ ಇಪ್ಪತ್ತೈದು ನಿಮಿಷದವರೆಗೂ ಶುಭ್ರವಾಗಿತ್ತು. ಸಾಧನ ಅದೇ, ಬದಲಾದದ್ದು ಜಾಗ ಮಾತ್ರ.

ಹಾಗೆಂದು ಹಿಡಿಕೆಯ ಟ್ರ್ಯಾಪ್ ಒಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಅದರ ಬಟ್ಟಲು ಹೆಬ್ಬೆರಳಿನ ತುದಿಯಷ್ಟು ಚಿಕ್ಕದು. ತುಂಬುತ್ತಾ ಬಂದಾಗ ಏರ್‌ಬ್ರಷನ್ನು ಸ್ವಲ್ಪ ಓರೆಯಾಗಿ ಹಿಡಿದರೂ ನೀರು ಮೇಲಕ್ಕೆ ಹರಿದು, ಹನಿಹನಿಯಾಗಿ ಬರಬೇಕಾದದ್ದು ಒಟ್ಟಿಗೇ ಬಂದುಬಿಡುತ್ತದೆ. ಮಾದರಿಯೊಂದರ ಅಡಿಭಾಗಕ್ಕೆ ಬಣ್ಣ ಕೊಡಲು ಕೈಯನ್ನು ತಿರುಗಿಸಿದಾಗ ನನಗೆ ಆದದ್ದು ಇದೇ. ಅದರ ಭಾರವೂ ಮಣಿಕಟ್ಟಿಗೆ ಬೀಳುತ್ತದೆ. ಸೂಕ್ಷ್ಮವಾದ ಗೆರೆಗಳನ್ನು ಎಳೆಯುವವರಿಗೆ ಆ ಕೆಲವೇ ಗ್ರಾಂ ಕೂಡ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಟ್ಯಾಂಕಿಲ್ಲದ ಕಂಪ್ರೆಸರ್ ಇರುವವರು ಹತ್ತು ನಿಮಿಷಕ್ಕೊಮ್ಮೆ ಅದರ ಕೆಳಗಿನ ಗುಂಡಿಯನ್ನು ಒತ್ತಿ ನೀರನ್ನು ಬಿಡುತ್ತಿದ್ದರೆ ಕೆಲಸ ನಡೆಯುತ್ತದೆ, ಆದರೆ ಮನಸ್ಸಿನ ಒಂದು ಭಾಗ ಸದಾ ಆ ಬಟ್ಟಲಿನ ಮೇಲೆಯೇ ಇರಬೇಕು.

ಎರಡನೆಯದು 3 ಲೀಟರ್ ಟ್ಯಾಂಕು ಮತ್ತು ಫಿಲ್ಟರ್ ಕೂಡಿದ ರೆಗ್ಯುಲೇಟರ್, ಎಂದರೆ ಒತ್ತಡವನ್ನು ಹೊಂದಿಸುವ ಸಾಧನ, ಇರುವ ಕಂಪ್ರೆಸರ್. ಹವ್ಯಾಸಿಗಳ ಮೇಜಿನ ಕೆಳಗೆ ಹೆಚ್ಚಾಗಿ ಕಾಣುವುದು ಇದೇ. 4 ಬಾರ್‌ಗೆ ನಿಂತು 3 ಬಾರ್‌ಗೆ ಮತ್ತೆ ಶುರುವಾಗುವಂತೆ ನನ್ನದರ ಪಂಪನ್ನು ಹೊಂದಿಸಲಾಗಿದೆ. ಇದರ ಪರೀಕ್ಷೆಯಲ್ಲಿ ಮೊದಲ ಹದಿನೈದು ನಿಮಿಷ ಎಲ್ಲವೂ ಚೆನ್ನಾಗಿತ್ತು, ಫಿಲ್ಟರಿನ ಬಟ್ಟಲಿನ ತಳದಲ್ಲಿ ತೇವದ ಪೊರೆಯೂ ಕಾಣಿಸಿತು. ಇಪ್ಪತ್ತೆರಡನೆಯ ನಿಮಿಷಕ್ಕೆ ಚುಕ್ಕೆ ಬಿತ್ತು. ಟ್ಯಾಂಕನ್ನು ಮುಟ್ಟಿದರೆ ಚೆನ್ನಾಗಿ ಬೆಚ್ಚಗಾಗಿತ್ತು. 3 ಲೀಟರ್ ಟ್ಯಾಂಕು 4 ಬಾರ್‌ನಿಂದ 3 ಬಾರ್‌ಗೆ ಇಳಿಯುವಾಗ ಕೊಡುವುದು ಕೇವಲ 3 ಲೀಟರ್ ಗಾಳಿ. ನಿಮಿಷಕ್ಕೆ 15 ಲೀಟರ್ ಬಳಸುವ ಏರ್‌ಬ್ರಷ್‌ಗೆ ಅದು ಹನ್ನೆರಡು ಸೆಕೆಂಡುಗಳ ಮಾತು. ಹೀಗಾಗಿ ಪಂಪು ಬಿಡುವಿಲ್ಲದೆ ಓಡುತ್ತದೆ, ಬಿಸಿ ಗಾಳಿ ಟ್ಯಾಂಕಿನಲ್ಲಿ ತಣಿಯಲು ಸಮಯವೇ ಸಿಗುವುದಿಲ್ಲ. ಟ್ಯಾಂಕಿನ ಗಾಳಿ 40 ಡಿಗ್ರಿಗೆ ಏರಿದ್ದರೆ ಅದು ಘನ ಮೀಟರಿಗೆ 51 ಗ್ರಾಂ ಆವಿಯನ್ನು ಹೊತ್ತು ಹೊರಡಬಲ್ಲದು, ಟ್ಯಾಂಕಿನ ಒತ್ತಡ 3 ಬಾರ್ ಹತ್ತಿರಕ್ಕೆ ಇಳಿದಿದ್ದಾಗ ಆ ಗಾಳಿ ಹೋಸಿನಲ್ಲಿ 1.5 ಬಾರ್‌ಗೆ ಹಿಗ್ಗಿ ಕೋಣೆಯ 30 ಡಿಗ್ರಿಗೆ ಇಳಿದಾಗ ಹೊರಲಾಗದ ಭಾರ ಮತ್ತೆ ಹನಿಯಾಗುತ್ತದೆ. ಬಿಟ್ಟುಬಿಟ್ಟು ಕೆಲಸ ಮಾಡುವವರಿಗೆ ಈ ಕಂಪ್ರೆಸರ್ ಧಾರಾಳವಾಗಿ ಸಾಕು. ದೊಡ್ಡ ಮೇಲ್ಮೈಗಳಿಗೆ ಒಂದೇ ಸಮನೆ ಬಣ್ಣ ಹಾಯಿಸುವವರು ಹಿಡಿಕೆಯ ಟ್ರ್ಯಾಪನ್ನೂ ಜೊತೆಗೆ ಸೇರಿಸಿಕೊಳ್ಳಬೇಕು.

ಮೂರನೆಯದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ತೇವದ ಸಮಸ್ಯೆಗೆ ನಿಜವಾದ ಉತ್ತರ ಅಲ್ಲಿದೆ, ಮತ್ತು ಅದು ಒಣಗಿಸುವ ಸಾಧನವೆಂದು ಯಾರೂ ಮಾರುವ ವಸ್ತುವೇ ಅಲ್ಲ. ಅದು 24 ಲೀಟರಿನ ದೊಡ್ಡ ಟ್ಯಾಂಕು, 8 ಬಾರ್‌ವರೆಗೆ ತುಂಬಿ 5 ಬಾರ್‌ಗೆ ಮತ್ತೆ ಶುರುವಾಗುವಂಥದ್ದು. ಗಾಳಿಯನ್ನು ಹೆಚ್ಚು ಹಿಂಡಿದಷ್ಟೂ ಅದು ಹೆಚ್ಚು ನೀರನ್ನು ಬಿಟ್ಟುಕೊಡುತ್ತದೆ. ಮಾಪಕದಲ್ಲಿ 6 ಬಾರ್ ತೋರಿಸಿದರೆ ವಾತಾವರಣದ ಒಂದನ್ನೂ ಸೇರಿಸಿ ಅದು 7 ಪಟ್ಟು; ಏಳು ಲೀಟರ್ ಗಾಳಿ ಒಂದು ಲೀಟರಿನ ಜಾಗಕ್ಕೆ ಬಂದಾಗ, ಆವಿಯನ್ನು ಹೊರುವ ಶಕ್ತಿ ಒಂದು ಲೀಟರ್ ಜಾಗದ್ದಷ್ಟೇ ಉಳಿಯುತ್ತದೆ, ಮಿಕ್ಕದ್ದೆಲ್ಲ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಗಂಟೆಗೆ ಒಳಬರುವ 19 ಗ್ರಾಂ ನೀರಿನಲ್ಲಿ ಸುಮಾರು 15 ಗ್ರಾಂ ಹೀಗೆ ಟ್ಯಾಂಕಿನಲ್ಲೇ ನಿಲ್ಲುತ್ತದೆ. ಉಳಿದ ನಾಲ್ಕು ಗ್ರಾಂ ಆವಿಯನ್ನು ಹೊತ್ತ ಗಾಳಿ ರೆಗ್ಯುಲೇಟರಿನಲ್ಲಿ 1.5 ಬಾರ್‌ಗೆ ಇಳಿದಾಗ ಎರಡೂವರೆ ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ, ಹಿಗ್ಗಿದಷ್ಟೂ ಅದರ ಹೊರುವ ಶಕ್ತಿ ಹೆಚ್ಚುತ್ತದೆ. ಟ್ಯಾಂಕಿನಲ್ಲಿ ಶೇಕಡಾ ನೂರಿದ್ದ ತೇವಾಂಶ ಹೋಸಿನಲ್ಲಿ ಶೇಕಡಾ 36ಕ್ಕೆ ಬಂದು ನಿಲ್ಲುತ್ತದೆ. ಅಂಥ ಗಾಳಿ ಹೋಸಿನಲ್ಲಿ ಇನ್ನೂ ಕೆಲವು ಡಿಗ್ರಿ ತಣ್ಣಗಾದರೂ ಹನಿ ಕಟ್ಟುವ ಮಾತೇ ಇಲ್ಲ.

ಪರೀಕ್ಷೆಯೂ ಇದನ್ನೇ ಹೇಳಿತು. ಅರ್ಧ ಗಂಟೆಗೆ ಬದಲಾಗಿ ಒಂದು ಗಂಟೆ ಹಾಯಿಸಿದರೂ ಕಾಗದದ ಮೇಲೆ ಒಂದೇ ಒಂದು ಚುಕ್ಕೆ ಮೂಡಲಿಲ್ಲ, ಹೋಸನ್ನು ಕೊಡವಿದರೆ ಗಾಜು ಒಣಗಿಯೇ ಇತ್ತು, ಹಿಡಿಕೆಗೆ ಹಾಕಿದ್ದ ಟ್ರ್ಯಾಪಿನ ಬಟ್ಟಲು ಮಸುಕಾಗಲೂ ಇಲ್ಲ. ದೊಡ್ಡ ಟ್ಯಾಂಕಿನ ಇನ್ನೊಂದು ಗುಣವೆಂದರೆ ಬಿಡುವು. 8 ಬಾರ್‌ನಿಂದ 5 ಬಾರ್‌ಗೆ ಇಳಿಯುವಾಗ ಅದು 72 ಲೀಟರ್ ಕೊಡುತ್ತದೆ. ಹತ್ತಿರಹತ್ತಿರ ಐದು ನಿಮಿಷ ಪಂಪು ಸುಮ್ಮನಿರುತ್ತದೆ, ಟ್ಯಾಂಕಿನ ಉಕ್ಕಿನ ಗೋಡೆ ಕೋಣೆಯ ಗಾಳಿಗೆ ತಣಿಯುತ್ತದೆ.

ಇದಕ್ಕೆ ಒಂದು ಷರತ್ತು ಇದೆ. ತಳದ ಡ್ರೈನ್ ವಾಲ್ವನ್ನು ಪ್ರತಿ ದಿನದ ಕೆಲಸ ಮುಗಿದ ಮೇಲೆ, ಒಳಗೆ ಸ್ವಲ್ಪ ಒತ್ತಡ ಉಳಿದಿರುವಾಗಲೇ ತೆರೆಯಬೇಕು. ಒಂದು ತಿಂಗಳು ಮರೆತು ತೆರೆದಾಗ ಹೊರಗೆ ಚಿಮ್ಮಿದ್ದು ಚಹಾದ ಬಣ್ಣದ ನೀರು. ಅದು ಟ್ಯಾಂಕಿನ ತುಕ್ಕು. ತುಕ್ಕು ಹಿಡಿದು ತೆಳ್ಳಗಾದ ಟ್ಯಾಂಕು 8 ಬಾರ್ ಒತ್ತಡವನ್ನು ಹೊತ್ತು ಮೇಜಿನ ಕೆಳಗೆ ಕೂತಿರುವುದು ಬಣ್ಣ ಕೆಡುವುದಕ್ಕಿಂತ ಎಷ್ಟೋ ದೊಡ್ಡ ಅಪಾಯ. ಫಿಲ್ಟರಿನ ಪಾರದರ್ಶಕ ಬಟ್ಟಲಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಅದು ಸಾಮಾನ್ಯವಾಗಿ ಪಾಲಿಕಾರ್ಬೊನೇಟ್. ಥಿನ್ನರ್ ಸೋಕಿದರೆ ಒಳಗೊಳಗೇ ಕೂದಲೆಳೆಯ ಬಿರುಕು ಬಿಟ್ಟು ಒಂದು ದಿನ ಒತ್ತಡಕ್ಕೆ ಸಿಡಿಯಬಹುದು. ಸೋಪಿನ ನೀರಿನಲ್ಲಿ ಮಾತ್ರ ತೊಳೆಯಬೇಕು.

ನಾಲ್ಕನೆಯದಾದ ತಾಮ್ರದ ಸುರುಳಿಯನ್ನು ನಾನು ಕುತೂಹಲಕ್ಕೆಂದು ಕಟ್ಟಿದೆ, ಅದು ನನ್ನ ನಿರೀಕ್ಷೆಯನ್ನು ಮೀರಿತು. ಐದು ಮೀಟರ್ ಉದ್ದದ ಸಣ್ಣ ತಾಮ್ರದ ಕೊಳವೆಯನ್ನು ಬಾಟಲಿಯೊಂದರ ಸುತ್ತ ಸುತ್ತಿ, ಮಂಜುಗಡ್ಡೆ ಬೆರೆಸಿದ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಅದರ ಹೊರತುದಿಗೆ ಟ್ರ್ಯಾಪನ್ನು ಕೂಡಿಸಿ, ಆ ಟ್ಯಾಂಕಿಲ್ಲದ ಕಂಪ್ರೆಸರಿಗೇ ಜೋಡಿಸಿದೆ. ಮೊದಲ ಬಾರಿಗೆ ಟ್ರ್ಯಾಪಿನ ಬಟ್ಟಲು ಕಣ್ಣೆದುರೇ ತುಂಬತೊಡಗಿತು. ಗಾಳಿ 5 ಡಿಗ್ರಿಗೆ ಇಳಿದರೆ ಘನ ಮೀಟರಿಗೆ 7 ಗ್ರಾಂಗಿಂತ ಹೆಚ್ಚು ಆವಿಯನ್ನು ಹೊರಲಾರದು. ಮುಂದೆ ಅದೇ ಗಾಳಿ ಹೋಸಿನಲ್ಲಿ ಕೋಣೆಯ ಉಷ್ಣತೆಗೆ ಮರಳಿದಾಗ ಅದರ ತೇವಾಂಶ ಶೇಕಡಾ 20ರಿಂದ 25ರ ನಡುವೆ ಇರುತ್ತದೆ. ಒಣತನದಲ್ಲಿ ಇದು ದೊಡ್ಡ ಟ್ಯಾಂಕನ್ನೂ ಹಿಂದೆ ಹಾಕಿತು, ಕಾಗದ ಪೂರ್ತಿ ಅರ್ಧ ಗಂಟೆ ಶುಭ್ರವಾಗಿತ್ತು. ಕೊಳವೆ ಒಂದೇ ಸಮನೆ ಇಳಿಜಾರಾಗಿ ಟ್ರ್ಯಾಪಿನ ಕಡೆಗೆ ಸಾಗಬೇಕು. ನಡುವೆ ಒಂದು ಸುತ್ತು ಜೋತುಬಿದ್ದಿದ್ದರೂ ಅಲ್ಲಿ ನೀರು ಮಡುಗಟ್ಟಿ, ಒತ್ತಡ ಹೆಚ್ಚಿದಾಗ ಗುಳುಗುಳು ಸದ್ದಿನೊಂದಿಗೆ ಒಟ್ಟಿಗೇ ಮುನ್ನುಗ್ಗುತ್ತದೆ. ನನ್ನ ಮೊದಲ ಸುರುಳಿ ಹೀಗೆಯೇ ಸೋತಿತು, ಎರಡನೆಯದು ಗೆದ್ದಿತು. ಆದರೆ ಪ್ರತಿ ಸಲ ಮಂಜುಗಡ್ಡೆ ಹೊಂದಿಸಬೇಕು, ಬಕೆಟ್ಟು ಬೆವರಿ ಮೇಜನ್ನು ಒದ್ದೆ ಮಾಡುತ್ತದೆ. ತಿಂಗಳಿಗೆ ಒಂದೆರಡು ದಿನ ಮಾತ್ರ ಬಣ್ಣ ಹಾಕುವವರಿಗೆ, ಈಗಿರುವ ಚಿಕ್ಕ ಕಂಪ್ರೆಸರನ್ನು ಬಿಡಲು ಮನಸ್ಸಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಮಂಜುಗಡ್ಡೆ ಇಲ್ಲದ ಬರಿಯ ತಣ್ಣೀರು ಕೂಡ ಗಾಳಿಯನ್ನು ಕೋಣೆಯ ಉಷ್ಣತೆಗೆ ತಂದು ಟ್ರ್ಯಾಪಿಗೆ ಅರ್ಧ ಕೆಲಸ ಮಾಡಿಕೊಡುತ್ತದೆ.

ತೇವ ಹೀರಿದಂತೆ ಬಣ್ಣ ಬದಲಿಸುವ ಮಣಿಗಳಾದ ಸಿಲಿಕಾ ಜೆಲ್ ತುಂಬಿದ ಡ್ರೈಯರ್ ಬಗ್ಗೆ ಜನರಿಗೆ ಇರುವ ನಂಬಿಕೆ ದೊಡ್ಡದು. ಅದು ಆವಿಯನ್ನೇ ಹೀರುವುದರಿಂದ ಆ ನಂಬಿಕೆಗೆ ಆಧಾರವೂ ಇದೆ. ಆದರೆ ಅದನ್ನು ಮೊದಲ ಸಾಲಿನಲ್ಲಿ ನಿಲ್ಲಿಸುವುದು ತಪ್ಪು. 250 ಗ್ರಾಂ ಜೆಲ್ಲನ್ನು ಟ್ಯಾಂಕಿಲ್ಲದ ಕಂಪ್ರೆಸರಿನ ಹೋಸಿಗೆ ನೇರವಾಗಿ ಕೊಟ್ಟಾಗ ಹನಿಯಾಗಿಯೇ ಒಳಬಂದ ನೀರಿಗೆ ಬಾಗಿಲ ಬಳಿಯ ಮಣಿಗಳು ಚಟಚಟನೆ ಸೀಳಿ ಪುಡಿಯಾದವು, ಕಿತ್ತಳೆ ಬಣ್ಣ ಒಂದೆರಡು ದಿನದ ಕೆಲಸದಲ್ಲೇ ಹಸಿರಿಗೆ ತಿರುಗಿತು. ಅದೇ ಜೆಲ್ಲನ್ನು ಗಾಳಿ ದೊಡ್ಡ ಟ್ಯಾಂಕು ಮತ್ತು ಫಿಲ್ಟರನ್ನು ದಾಟಿ ಬರುವ ಜಾಗದಲ್ಲಿ ಇಟ್ಟಾಗ ವಾರಗಟ್ಟಲೆ ಬಾಳಿತು, ಏಕೆಂದರೆ ಅಲ್ಲಿ ಅದಕ್ಕೆ ಬರುವುದು ಗಂಟೆಗೆ ನಾಲ್ಕು ಗ್ರಾಂ ಆವಿ ಮಾತ್ರ. ಆ ಮಟ್ಟದ ತೇವದಲ್ಲಿ ಜೆಲ್ ತನ್ನ ತೂಕದ ಸುಮಾರು ಐದರಲ್ಲಿ ಒಂದು ಭಾಗ ನೀರನ್ನು ಹೀರುತ್ತದೆ. ಹಸಿರಾದ ಮೇಲೆ 110ರಿಂದ 120 ಡಿಗ್ರಿಯ ಓವನ್ನಿನಲ್ಲಿ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಕಿತ್ತಳೆಯಾಗುತ್ತದೆ. ಅದಕ್ಕಿಂತ ಬಿಸಿ ಮಾಡಿದರೆ ಬಣ್ಣ ತೋರಿಸುವ ಗುಣ ಕೆಡುತ್ತದೆ. ನೀಲಿಯಿಂದ ಗುಲಾಬಿಗೆ ತಿರುಗುವ ಜೆಲ್ಲಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಿರುವುದರಿಂದ ನಾನು ಅದನ್ನು ಮುಟ್ಟುವುದಿಲ್ಲ.

ಗಾಳಿ ಜೆಲ್ಲನ್ನು ದಾಟಿದ ಮೇಲೆ 5 ಮೈಕ್ರಾನ್ ಫಿಲ್ಟರ್ ಇಲ್ಲದಿದ್ದರೆ ಮಣಿಗಳ ಧೂಳೇ 0.3 ಮಿಲಿಮೀಟರ್ ನಾಝಲ್ಲಿಗೆ ಹೊಸ ಶತ್ರುವಾಗುತ್ತದೆ. ಎಣ್ಣೆ ಹಾಕುವ ಕಂಪ್ರೆಸರ್ ಆದರೆ ಎಣ್ಣೆಯ ಮಂಜು ಮಣಿಗಳ ಮೇಲೆ ಕೂತು, ಓವನ್ನಿಗೂ ಬಗ್ಗದಂತೆ ಅವನ್ನು ಕೆಡಿಸುತ್ತದೆ, ಆದ್ದರಿಂದ ಗಾಳಿ ಜೆಲ್ಲನ್ನು ತಲುಪುವ ಮೊದಲೇ ಎಣ್ಣೆ ಹಿಡಿಯುವ ಫಿಲ್ಟರ್ ಇರಲೇಬೇಕು. ಪಿವಿಸಿ ಕೊಳವೆಯಿಂದ ಮನೆಯಲ್ಲೇ ಜೆಲ್ ಡಬ್ಬಿ ಮಾಡಿಕೊಳ್ಳುವವರನ್ನು ಕಂಡಿದ್ದೇನೆ; ಅವರಿಗೆ ಕೈಮುಗಿದು ಹೇಳುವುದೇನೆಂದರೆ, ಒತ್ತಡದ ಗಾಳಿ ತುಂಬಿದ ಪಿವಿಸಿ ಒಡೆಯುವಾಗ ಸೀಳುವುದಿಲ್ಲ, ಚೂರುಚೂರಾಗಿ ಸಿಡಿಯುತ್ತದೆ. ಆ ಒತ್ತಡಕ್ಕೆಂದೇ ತಯಾರಾದ ಡಬ್ಬಿಯನ್ನಷ್ಟೇ ಬಳಸಬೇಕು.

ರೆಫ್ರಿಜರೇಟೆಡ್ ಡ್ರೈಯರಿನ ಗಾಳಿಯಲ್ಲಿ ನಾನು ಕೆಲಸ ಮಾಡಿದ್ದು ಒಂದು ದಿನ ಮಾತ್ರ, ಕಾರುಗಳಿಗೆ ಬಣ್ಣ ಹಾಕುವ ಕಾರ್ಯಾಗಾರವೊಂದರಲ್ಲಿ. ಅದು ಗಾಳಿಯನ್ನು ಸುಮಾರು 3 ಡಿಗ್ರಿಗೆ ತಣಿಸುತ್ತದೆ, ನನ್ನ ಮಂಜುಗಡ್ಡೆ ಬಕೆಟ್ಟಿನ ಕೆಲಸವನ್ನೇ ಬಕೆಟ್ಟಿಲ್ಲದೆ ಮಾಡುತ್ತದೆ. ನಿಮಿಷಕ್ಕೆ 15 ಲೀಟರಿನ ಅಗತ್ಯಕ್ಕೆ ಅಷ್ಟು ದೊಡ್ಡ ಯಂತ್ರವನ್ನು ಮನೆಗೆ ತರುವುದರಲ್ಲಿ ಅರ್ಥವಿಲ್ಲ.

ಕಾರ್ಬನ್ ಡೈಆಕ್ಸೈಡ್ ಸಿಲಿಂಡರನ್ನು ಬಳಸಿದ ವಾರ ನನ್ನ ಕೋಣೆಯಲ್ಲಿ ಇದ್ದಷ್ಟು ನಿಶ್ಶಬ್ದ ಬೇರೆಂದೂ ಇರಲಿಲ್ಲ. ಪಂಪಿಲ್ಲ, ಅದುರುವಿಕೆಯಿಲ್ಲ, ಕಾಗದದ ಮೇಲೆ ಚುಕ್ಕೆಯ ಸುಳಿವೂ ಇಲ್ಲ. ನೀರೇ ಇಲ್ಲದ ಅನಿಲದಿಂದ ನೀರು ಬರುವುದು ಹೇಗೆ? ದ್ರವವಾಗಿ ತುಂಬಿರುವ ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್ ಸುಮಾರು 540 ಲೀಟರ್ ಅನಿಲವಾಗುತ್ತದೆ, ಎಂದರೆ 5 ಕಿಲೋದ ಸಿಲಿಂಡರ್ ಮೂರು ಗಂಟೆ ಗುಂಡಿ ಒತ್ತಿಹಿಡಿದಷ್ಟು ಕಾಲ ಬರುತ್ತದೆ. ಒಳಗೆ ದ್ರವ ಇರುವವರೆಗೂ ಮಾಪಕದ ಮುಳ್ಳು, 20 ಡಿಗ್ರಿಯಲ್ಲಾದರೆ 57 ಬಾರ್‌ನಲ್ಲಿ, ಕದಲದೆ ನಿಂತಿರುತ್ತದೆ, ಆದ್ದರಿಂದ ಎಷ್ಟು ಉಳಿದಿದೆ ಎಂದು ತಿಳಿಯಲು ತೂಗುವುದೊಂದೇ ದಾರಿ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಗೋಡೆಗೆ ಕಟ್ಟಬೇಕು, ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ.

ಇಷ್ಟೆಲ್ಲ ಗುಣಗಳಿದ್ದರೂ ನಾನು ಅದನ್ನು ಹಿಂದಿರುಗಿಸಿದೆ. 30 ಘನ ಮೀಟರಿನ, ಅಂದರೆ ಒಂದು ಸಾಧಾರಣ ಕೋಣೆಯ ಕಿಟಕಿ ಬಾಗಿಲುಗಳನ್ನು ಮುಚ್ಚಿ ಒಂದು ಗಂಟೆ ಹಾಯಿಸಿದರೆ 900 ಲೀಟರ್ ಅನಿಲ ಸೇರಿ ಗಾಳಿಯ ಶೇಕಡಾ 3ರಷ್ಟು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಕೆಲಸದ ಸ್ಥಳಗಳಲ್ಲಿ ಎಂಟು ಗಂಟೆಗಳ ಸರಾಸರಿಗೆ ಸಾಮಾನ್ಯವಾಗಿ ಒಪ್ಪಿರುವ ಮಿತಿ ಶೇಕಡಾ 0.5. ಹೊರಗೆ ಗಾಳಿ ತಳ್ಳುವ ಫ್ಯಾನ್ ಇರುವ ಸ್ಪ್ರೇ ಬೂತ್ ಇದ್ದು, ಕಿಟಕಿ ತೆರೆದೇ ಇರುತ್ತದೆ ಎಂಬ ಖಾತರಿ ಇದ್ದರೆ ಮಾತ್ರ ಇದನ್ನು ಯೋಚಿಸಬಹುದು. ಮಕ್ಕಳು ಓಡಾಡುವ ಮನೆಯಲ್ಲಿ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ನೈಟ್ರೋಜನ್ ಸಿಲಿಂಡರೂ ಅಷ್ಟೇ ಒಣದಾದದ್ದು, ಆದರೆ ಅದರ ಒತ್ತಡ 150 ಬಾರ್ ಅಥವಾ ಅದಕ್ಕೂ ಹೆಚ್ಚು, ಮತ್ತು ಆಮ್ಲಜನಕವನ್ನು ತೆಳುವಾಗಿಸುವಾಗ ಅದು ಯಾವ ಮುನ್ಸೂಚನೆಯನ್ನೂ ಕೊಡುವುದಿಲ್ಲ.

ಈಗ ನನ್ನ ಮೇಜಿನಲ್ಲಿ ನಿಂತಿರುವ ಜೋಡಣೆ ಹೀಗಿದೆ: ದೊಡ್ಡ ಟ್ಯಾಂಕು, ಅದರಿಂದ ಒಂದು ಮೀಟರ್ ಹೋಸಿನ ದೂರದಲ್ಲಿ ಗೋಡೆಗೆ ಜಡಿದ ಫಿಲ್ಟರ್ ಕೂಡಿದ ರೆಗ್ಯುಲೇಟರ್, ಅಲ್ಲಿಂದ ಏರ್‌ಬ್ರಷ್‌ಗೆ ನೇರ ಹೋಸು. ಜೆಲ್ ಡಬ್ಬಿಯನ್ನು, ಥಿನ್ನರಿನಲ್ಲಿ ಕಲಸುವ ಲ್ಯಾಕರ್ ಬಣ್ಣ ಹಾಯಿಸುವ ದಿನ ಮಾತ್ರ ಸೇರಿಸುತ್ತೇನೆ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣಗಳು ಅಲ್ಪಸ್ವಲ್ಪ ತೇವವನ್ನು ಸಹಿಸಿಕೊಳ್ಳುತ್ತವೆ, ಅವಕ್ಕೆ ಇಡೀ ಹನಿ ಬಿದ್ದಾಗ ಮಾತ್ರ ಜೇಡನ ಕಾಲುಗಳಂತೆ ಬಣ್ಣ ಹರಿಯುತ್ತದೆ. ಲ್ಯಾಕರ್ ಮತ್ತು ಎನಾಮೆಲ್ ಹಾಗಲ್ಲ.

ಲ್ಯಾಕರ್ ವಿಷಯದಲ್ಲಿ ಒಂದು ಮಾತು ಉಳಿದಿದೆ. ದೊಡ್ಡ ಟ್ಯಾಂಕು ಬಂದ ಮೇಲೂ ಒಂದು ದಿನ ಹೊಳಪಿನ ಕಪ್ಪು ಲ್ಯಾಕರ್ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು, ನಾನು ಮತ್ತೆ ಹೋಸನ್ನೇ ಅನುಮಾನಿಸಿ ಎಲ್ಲವನ್ನೂ ಬಿಚ್ಚಿದೆ. ಶಾಯಿಯ ಕಾಗದ ಶುಭ್ರವಾಗಿತ್ತು. ಆಗ ಸಿಲಿಂಡರ್ ಇನ್ನೂ ನನ್ನ ಬಳಿ ಇದ್ದುದರಿಂದ ಅದರ ಅನಿಲದಿಂದಲೇ ಅದೇ ಬಣ್ಣವನ್ನು ಹಾಯಿಸಿ ನೋಡಿದೆ, ಆಗಲೂ ಬೆಳ್ಳಗಾಯಿತು. ಬೇಗ ಆರುವ ಥಿನ್ನರ್ ಆವಿಯಾಗುವಾಗ ಬಣ್ಣದ ಮೈಯನ್ನು ತಣ್ಣಗಾಗಿಸಿ, ಕೋಣೆಯ ತೇವವನ್ನೇ ಇಬ್ಬನಿಯಂತೆ ತನ್ನ ಮೇಲೆ ಇಳಿಸಿಕೊಳ್ಳುತ್ತಿತ್ತು. ಗಾಳಿಯ ದಾರಿಯಲ್ಲಿ ಎಷ್ಟು ಡ್ರೈಯರ್‌ಗಳನ್ನು ಸಾಲಾಗಿ ನಿಲ್ಲಿಸಿದ್ದರೂ ಅದು ನಿಲ್ಲುತ್ತಿರಲಿಲ್ಲ. ನಿಧಾನವಾಗಿ ಆರುವ ರಿಟಾರ್ಡರನ್ನು ಥಿನ್ನರಿಗೆ ಸ್ವಲ್ಪ ಬೆರೆಸಿ, ತೆಳುವಾದ ಇನ್ನೊಂದು ಪದರವನ್ನು ಅದರ ಮೇಲೆಯೇ ಹಾಯಿಸಿದಾಗ ಆ ಬಿಳುಪು ಕರಗಿ ಕೆಳಗಿನ ಕಪ್ಪು ಮತ್ತೆ ಮೇಲೆದ್ದು ಬಂತು.